ಮಾಮಾನ ಮಧುನಾಶಿನಿ ಪರೀಕ್ಷೆ

ನಮ್ಮ ಸೋದರಮಾವನಿಗೆ ಅನುಮಾನ ಪಡದೆ ಉಂಡ ಅನ್ನ ಅರಗುತ್ತಿರಲಿಲ್ಲ! ದೊಡವಾಡದಿಂದ ಬೈಲಹೊಂಗಲದ ಬಸ್ಸು ಹತ್ತಬೇಕಾದರೆ ಬೋರ್ಡು ಓದಿ, ಕಂಡಕ್ಟರನನ್ನು ಕೇಳಿ, ಆಮೇಲೆ ಡ್ರೈವರನನ್ನು ಗುಟ್ಟಾಗಿ ಬೇರೆ ಕೇಳುತ್ತಿದ್ದರು. ಮೂರೂ ತಾಳೆಯಾದರೆ ಮಾತ್ರ ಕಾಲು ಮೇಲಿಡುವುದು. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು ಎನ್ನಿ.

ಇಂಥವರ ಹೆಂಡತಿಗೆ, ಅಂದರೆ ನಮ್ಮತ್ತೆಗೆ, ತೊಂಬತ್ತರ ದಶಕದ ಕೊನೆಯಲ್ಲಿ ಸಕ್ಕರೆ ಕಾಯಿಲೆ ಬಂತು. ಬೈಲಹೊಂಗಲದ ಡಾಕ್ಟರು ರಕ್ತ ನೋಡಿ, ದಿನಾ ಗುಳಿಗೆ ನುಂಗಬೇಕು ಎಂದರು. ಮಾಮಾ ನಂಬಬೇಕಲ್ಲ! ಮರುದಿನವೇ ಅತ್ತೆಯನ್ನು ಧಾರವಾಡಕ್ಕೆ ಕರೆದೊಯ್ದು, ನಾಲ್ಕು ಪೇಢೆ ತಿನ್ನಿಸಿ, ಇನ್ನೊಂದು ಕಡೆ ರಕ್ತ ಕೊಡಿಸಿದರು. ಸಕ್ಕರೆ ಇನ್ನೂ ಏರಿತ್ತು. "ಮಷಿನ್ ಖರೇ ಹೇಳತೈತಿ ಬಿಡು" ಎಂದು ಒಪ್ಪಿದರು. ಅತ್ತೆ ಕಡೆಯ ಬಾರಿ ಪೇಢೆ ತಿಂದದ್ದು ಅಂದೇ.

ಆಮೇಲೆ ಯರಗಟ್ಟಿ ಸಂತೆಯಲ್ಲಿ ಮಧುನಾಶಿನಿ ಬಳ್ಳಿ ಮಾರುವವನೊಬ್ಬ ಸಿಕ್ಕ. ಇದರ ಎಲೆ ಅಗಿದರೆ ಸಕ್ಕರೆ ಕಾಯಿಲೆ ಊರು ಬಿಟ್ಟು ಓಡುತ್ತದೆ ಎಂದ.

"ಮೊದಲ ನೀ ತಿನ್ನು" ಎಂದರು ಮಾಮಾ. ಅವನು ಅಗಿದ. ಮಾಮಾ ಜೇಬಿನಿಂದ ಬೆಲ್ಲದ ಚೂರು ತೆಗೆದು ಅವನ ಬಾಯಿಗೆ ಹಾಕಿದರು. "ಹೆಂಗೈತಿ?"

"ಮಣ್ಣ ತಿಂದಂಗ ಆಗತೈತ್ರಿ ಸಾವ್ಕಾರ್ರ!"

"ಇವ ನಾಟಕ ಮಾಡಾಕತ್ತಾನ" ಎಂದು ತಾವೂ ಅಗಿದು ಬೆಲ್ಲ ಮೆದ್ದರು. ಅದೂ ಮಣ್ಣೇ! ಬಳ್ಳಿ ನಮ್ಮ ಮಾಮಾನ ಹಿತ್ತಲಿಗೆ ಬಂತು.

ಎಂಟು ದಿನ ತಾವೇ ಎಲೆ ತಿಂದು, ಸಾಯಲಿಲ್ಲವೆಂದು ಖಾತ್ರಿಯಾದ ಮೇಲೆ ಅತ್ತೆಗೆ ಕೊಟ್ಟರು. ಗುಳಿಗೆಯೂ ನಡೆದಿತ್ತು. ತಿಂಗಳಲ್ಲಿ ಸಕ್ಕರೆ ಇಳಿಯಿತು. ಈಗ ಹೊಸ ಅನುಮಾನ: ಇಳಿಸಿದ್ದು ಎಲೆಯೋ, ಗುಳಿಗೆಯೋ? ಡಾಕ್ಟರಿಗೆ ಹೇಳದೆ ಗುಳಿಗೆ ಬಿಡಿಸಿದರು. ಹದಿನೈದು ದಿನಕ್ಕೆ ಅತ್ತೆ ಅಡುಗೆಮನೆಯಲ್ಲಿ ತಲೆತಿರುಗಿ ಬಿದ್ದರು. ಡಾಕ್ಟರು ಕೆಂಡವಾದರು.

"ಗುಳಿಗಿ ಯಾಕ ಬಿಡಿಸಿದ್ರಿ?"

"ಎರಡೂ ಎತ್ತು ಹೂಡಿದರ ಯಾವುದು ಜಗ್ಗಾಕತ್ತೈತಿ ಅಂತ ಹೆಂಗ ತಿಳೀಬೇಕ್ರಿ? ಒಂದನ್ನ ಬಿಚ್ಚಿ ನೋಡಿದೆ."

"ಬಂಡಿಯೊಳಗ ನಿಮ್ಮ ಹೆಂಡತಿ ಕುಂತಿದ್ದರಲ್ಲರಿ!"

ಅಂದಿನಿಂದ ಮಾಮಾ ಗುಳಿಗೆಯನ್ನು ತಾವೇ ಅತ್ತೆಯ ಅಂಗೈಗೆ ಹಾಕಿ, ನುಂಗುವವರೆಗೂ ಎದುರಿಗೇ ನಿಲ್ಲುತ್ತಿದ್ದರು. ಅತ್ತೆಗೆ ಎಲೆ ಬಂದ್ ಆಯಿತು. ಬಳ್ಳಿಯನ್ನು ಮಾತ್ರ ಕಿತ್ತು ಹಾಕಲಿಲ್ಲ.

ಮುಂದಿನ ಯುಗಾದಿಗೆ ನಾನು ಅಲ್ಲಿದ್ದೆ. ಊಟಕ್ಕೆ ತಾಟು ಹಾಕುವ ಹೊತ್ತಿಗೆ ಮಾಮಾ ಮೆಲ್ಲಗೆ ಹಿತ್ತಲಿಗೆ ನುಸುಳಿದರು. ಈಗ ಅನುಮಾನ ನನ್ನದು: ಇವರಿಗೂ ಕಾಯಿಲೆ ಬಂದು ಮುಚ್ಚಿಡುತ್ತಿರಬೇಕು! ಬೆನ್ನು ಹತ್ತಿದೆ. ಬಳ್ಳಿಯ ಹತ್ತಿರ ನಿಂತು ಎಲೆ ಅಗಿಯುತ್ತಿದ್ದರು.

"ಮಾಮಾ, ನಿಮಗೂ ಶುಗರ್ ಬಂದೈತೇನ್ರಿ?"

"ಇಲ್ಲೋ ತಮ್ಮಾ, ಸಾವಕಾಶ ಮಾತಾಡು. ಹೋಳಿಗಿ ಒಲ್ಲೆ ಅಂದರ ಆಕಿ ಅಳತಾಳ. ಆಕಿ ಮುಂದ ಚಪ್ಪರಿಸಿ ತಿನ್ನಾಕ ನನ್ನ ಕೈಲೆ ಆಗೂದಿಲ್ಲ. ಎಲಿ ಅಗದರ ಹೊಟ್ಟಿಗಷ್ಟ ಹೋಗತೈತಿ."

ಒಳಗೆ ಬಂದು ಕುಳಿತೆವು. ಅತ್ತೆ ಹೋಳಿಗೆ ಬಡಿಸಿ, ತುಪ್ಪ ಹಾಕಿ ಕೇಳಿದರು: "ನಾ ಅಂತೂ ತಿನ್ನೂಹಂಗಿಲ್ಲ. ಬೆಲ್ಲ ಬರೋಬ್ಬರಿ ಐತೇನ್ರಿ?"

ಮೂರು ಕಡೆ ವಿಚಾರಿಸದೆ ಬಸ್ಸು ಹತ್ತದ ನಮ್ಮ ಮಾಮಾ, ಸಿಹಿಯೇ ತಿಳಿಯದ ನಾಲಿಗೆಯಲ್ಲಿ ಹೋಳಿಗೆ ಅಗಿಯುತ್ತ, ನನ್ನ ಕಡೆ ನೋಡದೆ ಹೇಳಿದರು: "ಬರೋಬ್ಬರಿ ಐತಿ. ಇನ್ನೊಂದು ಹಾಕು."