ಹುಡುಕುಯಂತ್ರ ಸಾಹೇಬರಿಗೆ ಏಲಕ್ಕಿ ಹಾರ

ಮಾನ್ಯರೇ, ಮಹಾಮಾನ್ಯರೇ, ಪ್ರಶ್ನೆ ಪೂರ್ತಿಯಾಗುವ ಮೊದಲೇ ಉತ್ತರ ಕೊಡುವ, ಕೊಟ್ಟ ಉತ್ತರ ತಪ್ಪಾದರೂ ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲದ ಹುಡುಕುಯಂತ್ರ ಸಾಹೇಬರೇ,

ಹಾವೇರಿಯಿಂದ ಜಹಾಂಗೀರನ ಅದಬಿನ ಸಲಾಮು. ತಾವು ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ. ತಮಗೆ ಒಂದು ಗಳಿಗೆ ಮೈ ಸರಿಯಿಲ್ಲದಿದ್ದರೂ ನಮ್ಮ ಓಣಿಯ ಹುಡುಗರಿಗೆ ತಮ್ಮ ಸ್ವಂತ ಅತ್ತೆಯ ಮನೆಯ ದಾರಿಯೂ ತಿಳಿಯುವುದಿಲ್ಲವಾದ್ದರಿಂದ, ತಮ್ಮ ಆರೋಗ್ಯದ ಬಗ್ಗೆ ಊರಿಗೇ ಕಾಳಜಿಯಿದೆ.

ಮೊದಲು ನನ್ನ ಪರಿಚಯ. ಕೋರ್ಟಿನ ಎದುರು ಒಂದು ಟೇಬಲ್ಲು, ಒಂದು ಛತ್ರಿ, ಒಂದು ಟೈಪ್ ಯಂತ್ರ ಇಟ್ಟುಕೊಂಡು ಜನರ ಅರ್ಜಿಗಳನ್ನು ಬರೆದುಕೊಡುವವನು ನಾನು. ಹೊಲದ ಹದ್ದುಬಸ್ತಿನಿಂದ ಹಿಡಿದು ನೆರೆಮನೆಯ ಹುಂಜದ ತಕರಾರಿನವರೆಗೆ ನಾನು ಬರೆಯದ ವಿಷಯವಿಲ್ಲ. ಆದರೆ ಸ್ವಂತ ಮನೆಯ ಅರ್ಜಿ ಬರೆಯುವ ಪ್ರಸಂಗ ಬಂದಿರುವುದು ಇದೇ ಮೊದಲು, ಅದೂ ತಮ್ಮ ಕೃಪೆಯಿಂದ. ಒಕ್ಕಣೆಯಲ್ಲಿ ತಪ್ಪಿದ್ದರೆ ಮನ್ನಿಸಬೇಕು.

ನನ್ನ ಮನೆಯವಳು ಸಕೀನಾಬಿ ಏಲಕ್ಕಿ ಹಾರ ಕಟ್ಟುತ್ತಾಳೆ. ಒಂದೇ ಗಾತ್ರದ ಹಸಿರು ಏಲಕ್ಕಿಗಳನ್ನು ಆರಿಸಿ, ಬಣ್ಣದ ರೇಷ್ಮೆ ದಾರದಲ್ಲಿ ಪೋಣಿಸಿ, ನಡುನಡುವೆ ಜರಿ, ಮುತ್ತು ಸೇರಿಸಿ ಅವಳು ಕಟ್ಟುವ ಹಾರವನ್ನು ಕೊರಳಿಗೆ ಹಾಕಿಸಿಕೊಂಡವರು ಭಾಷಣವನ್ನು ಬೇಗ ಮುಗಿಸುತ್ತಾರೆ. ಮನೆಗೆ ಹೋಗಿ ಕನ್ನಡಿಯಲ್ಲಿ ನೋಡಿಕೊಳ್ಳುವ ಆತುರ. ನಮ್ಮ ಜಿಲ್ಲೆಯಲ್ಲಿ ಯಾರನ್ನೇ ಸ್ವಾಗತಿಸಲಿ, ಬೀಳ್ಕೊಡಲಿ, ಏಲಕ್ಕಿ ಹಾರವಿಲ್ಲದೆ ವೇದಿಕೆಗೆ ಕಳೆ ಬರುವುದಿಲ್ಲ. ಮಗಳು ಹುಮಾ ಕಾಲೇಜು ಕಲಿಯುವಾಗ ಅಮ್ಮನ ಹಾರಗಳಿಗೆಂದು ಒಂದು ವೆಬ್‌ಸೈಟ್ ಮಾಡಿದಳು. ಅದರಲ್ಲಿ ಹಾರಗಳ ಚಿತ್ರ, ಫೋನ್ ನಂಬರು, ತಲೆಯ ಮೇಲೆ ಸೆರಗು ಹೊದ್ದು ಯಾರೋ ಸಾಲ ಕೇಳಲು ಬಂದಂತೆ ಗಂಭೀರವಾಗಿ ನಿಂತ ಸಕೀನಾಬಿಯ ಒಂದು ಫೋಟೊ, ಇಷ್ಟೇ. ಅಷ್ಟಕ್ಕೇ ತಾವು ಮೆಚ್ಚಿದಿರಿ. ಯಾರು ಎಲ್ಲಿ ಕುಳಿತು ಏಲಕ್ಕಿ ಹಾರ ಎಂದು ಬರೆದರೂ ಮೊದಲು ನಮ್ಮನ್ನೇ ತೋರಿಸಿದಿರಿ. ಆ ದಿನಗಳಲ್ಲಿ ನಮ್ಮ ಮನೆಯ ಫೋನು ಅಡುಗೆಗೂ ಬಿಡುತ್ತಿರಲಿಲ್ಲ. ಇದನ್ನು ನಾವು ಮರೆತಿಲ್ಲ, ತಮಗೆ ಒಳ್ಳೆಯದಾಗಲಿ.

ಅನಂತರ ತಮ್ಮ ಧೋರಣೆ ಬದಲಾಯಿತು. ತಾವು ಅದಕ್ಕೆ ಅಪ್‌ಡೇಟ್ ಎನ್ನುತ್ತೀರಂತೆ. ಕಚೇರಿಗಳ ಎದುರು ಜೀವಮಾನ ಕಳೆದ ನಾನು ಅದಕ್ಕೆ ವರ್ಗಾವಣೆ ಎನ್ನುತ್ತೇನೆ. ಹಳೆಯ ಸಾಹೇಬರು ಹೋಗಿ ಹೊಸ ಸಾಹೇಬರು ಬಂದರೆ ನಿನ್ನೆಯವರೆಗೆ ಸರಿಯಿದ್ದ ಕಾಗದ ಇಂದು ತಪ್ಪಾಗುವುದು ನಮಗೆ ಹೊಸದಲ್ಲ. ಹೊಸದೆಂದರೆ, ತಮ್ಮಲ್ಲಿ ಹೊಸ ಸಾಹೇಬರ ಹೆಸರು ಹೇಳಲು ಒಬ್ಬ ಜವಾನನೂ ಇಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ನಾವು ಮೂರನೆಯ ಪುಟದಲ್ಲಿದ್ದೆವು. ಆ ಮೂರನೆಯ ಪುಟ ಎಂಬ ಊರಿಗೆ ಬಸ್ಸೂ ಇಲ್ಲ, ನೆಂಟರೂ ಇಲ್ಲ. ಮೊದಲ ಪುಟದಲ್ಲಿ ತಾವು ಅತ್ಯಂತ ವಿವೇಕದಿಂದ ಪ್ಲಾಸ್ಟಿಕ್ ಚೆಂಡು ಹೂವಿನ ಅಂಗಡಿಯನ್ನೂ, ಬಾಯಿಯ ವಾಸನೆಗೆ ಏಲಕ್ಕಿಯೇ ಮದ್ದು ಎಂಬ ಲೇಖನವನ್ನೂ, ಏಲಕ್ಕಿ ಎಂಬ ಹೆಸರಿನ ಒಂದು ಬೆಕ್ಕಿನ ಚಿತ್ರಗಳನ್ನೂ ಕೂರಿಸಿದ್ದಿರಿ. ಬೆಕ್ಕು ಮುದ್ದಾಗಿಯೇ ಇದೆ, ಸುಳ್ಳು ಹೇಳಲಾರೆ.

ಫೋನು ಸುಮ್ಮನಾಯಿತು. ಮನೆಯೊಳಗೆ ನಾವು ಮಾತಾಡುವುದು ಉರ್ದು. ಸಕೀನಾಬಿಗೆ ಸಿಟ್ಟು ಬಂದರೆ ಮಾತ್ರ ಕನ್ನಡಕ್ಕೆ ಬರುತ್ತಾಳೆ, ಅಕ್ಕಪಕ್ಕದವರಿಗೂ ಸ್ಪಷ್ಟವಾಗಿ ತಿಳಿಯಲಿ ಎಂದು. ಅಂದು ಕನ್ನಡದಲ್ಲೇ ಹೇಳಿದಳು: "ಈ ಮದುವಿ ಸೀಸನ್ ಹಿಂಗ ಹೋತಂದ್ರ ನಾ ಸೂಜಿ ಇಡಾಕಿ ನೋಡ್ರಿ. ಯಾರೂ ಹಾಕ್ಕೊಳ್ಳದ ಮಾಲಿ ಕಟ್ಟಿ ಗ್ವಾಡಿಗೆ ಹಾಕಲೇನು?" ಹದಿಹರೆಯದಿಂದ ಸೂಜಿ ಹಿಡಿದ ಕೈ ಅದು. ಅವಳ ಮಾತಿಗೆ ನಾನು ಹೆದರಿದೆ ಎಂದು ಬರೆಯಲು ನನಗೆ ನಾಚಿಕೆಯಿಲ್ಲ.

ಆದ್ದರಿಂದ ತಮಗೆ ಹೊಂದಿಕೊಳ್ಳುವ ಪ್ರಯತ್ನ ಶುರುವಾಯಿತು. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಯೊಂದರ ಮಹಡಿಯ ಮೇಲೆ ಕುಳಿತು ವೆಬ್‌ಸೈಟುಗಳನ್ನು ಮೇಲೆತ್ತುವ ಚನ್ನೇಶ ಎಂಬ ತರುಣನಿದ್ದಾನೆ. ಕೆಳಗೆ ರೈತರು ಯಾವ ಬೀಜ ಮೊಳೆಯುತ್ತದೆ ಎಂದು ಕೇಳುತ್ತಾರೆ, ಮೇಲೆ ನಮ್ಮಂಥವರು ಯಾವ ಶಬ್ದ ಮೊಳೆಯುತ್ತದೆ ಎಂದು ಕೇಳುತ್ತೇವೆ. ಅವನು ನಮ್ಮ ಪುಟವನ್ನು ನೋಡಿ ಮರುಗಿ, "ಚಾಚಾ, ಇದರಾಗ ಬರವಣಗಿನ ಇಲ್ಲಲ್ರಿ. ಆ ಯಂತ್ರಕ್ಕ ಶಬ್ದ ಬೇಕ್ರಿ, ಶಬ್ದ. ಒಂದ ಮಾತು ಹತ್ತು ಸಲ ಬರೀರಿ" ಎಂದ. ಶಬ್ದಕ್ಕೆ ನನ್ನಲ್ಲಿ ಬರವೇ? ನಾನು ಬರೆದೆ: "ಹಾವೇರಿ ಏಲಕ್ಕಿ ಹಾರ ಬೇಕಾದವರು ಹಾವೇರಿಯಲ್ಲಿ ಹಾವೇರಿ ಏಲಕ್ಕಿ ಹಾರ ಕಟ್ಟುವವರಿಂದ ಹಾವೇರಿ ಏಲಕ್ಕಿ ಹಾರವನ್ನೇ ಹಾವೇರಿ ಏಲಕ್ಕಿ ಹಾರವೆಂದು ಖಾತ್ರಿ ಮಾಡಿಕೊಂಡು ಕೊಳ್ಳತಕ್ಕದ್ದು." ಇಂಥ ವಾಕ್ಯಗಳಿಂದ ಪುಟ ತುಂಬಿಸಿದೆ. ನಾವು ಎರಡನೆಯ ಪುಟಕ್ಕೆ ಬಂದೆವು. ಮನೆಯಲ್ಲಿ ಶಾವಿಗೆ ಪಾಯಸವಾಯಿತು. ಪಾಯಸದ ಪಾತ್ರೆ ತೊಳೆಯುವುದರೊಳಗೆ ತಮ್ಮ ಮತ್ತೊಂದು ವರ್ಗಾವಣೆಯಾಗಿ, ಒಂದೇ ಮಾತನ್ನು ಹತ್ತು ಸಲ ಹೇಳುವವರು ಮೋಸಗಾರರು ಎಂದು ತೀರ್ಮಾನವಾಯಿತು. ತತ್ವ ಸರಿಯಾದದ್ದೇ. ನಮ್ಮ ಕೋರ್ಟಿನಲ್ಲಿಯೂ ಅದನ್ನು ಜಾರಿಗೆ ತಂದರೆ ವಕೀಲರೆಲ್ಲ ಮೂರನೆಯ ಪುಟಕ್ಕೆ ಹೋಗುತ್ತಾರೆ.

ಮುಂದಿನ ಸಾಹೇಬರಿಗೆ ಪ್ರಶ್ನೋತ್ತರ ಇಷ್ಟ ಎಂದು ಚನ್ನೇಶ ಹೇಳಿದ. ಯಾರೂ ಕೇಳದ ಪ್ರಶ್ನೆಗಳನ್ನು ನಾನೇ ಕೇಳಿ ನಾನೇ ಉತ್ತರಿಸಿದೆ. ಏಲಕ್ಕಿ ಹಾರವನ್ನು ಧರಿಸಿ ಮಲಗಬಹುದೇ? ಬೇಡ. ಹಾರದಿಂದ ಒಂದು ಏಲಕ್ಕಿ ಕಿತ್ತು ಚಹಾಕ್ಕೆ ಹಾಕಿದರೆ ಮಾನಹಾನಿಯಾಗುತ್ತದೆಯೇ? ಧರಿಸಿದವರು ನೋಡದಿದ್ದರೆ ಇಲ್ಲ. ಏಲಕ್ಕಿ ಹಾರವನ್ನು ಹೋರಿಗೆ ಹಾಕಬಹುದೇ? ತಾವು ಈ ಕೊನೆಯ ಪ್ರಶ್ನೆಯನ್ನು ಮಾತ್ರ ಎತ್ತಿ ಹಿಡಿದಿರಿ. ಮರುದಿನವೇ ಹಲಗೇರಿಯ ಹೇಮಪ್ಪನೆಂಬವರು ಫೋನ್ ಮಾಡಿ, "ನಮ್ಮ ಹೋರಿ ಹಬ್ಬದಾಗ ಓಡ್ತೈತ್ರಿ. ಕೊಬ್ಬರಿ ಮಾಲಿ ಎಲ್ಲಾರೂ ಕಟ್ತಾರ, ನಾವು ಯಾಲಕ್ಕೀದ ಕಟ್ಟಬೇಕಂತ ಮಾಡೇವಿ. ಹೋರಿ ಅದನ್ನ ತಿನ್ನೂದಿಲ್ಲಲ್ರಿ?" ಎಂದು ವಿಚಾರಿಸಿದರು. ಸಕೀನಾಬಿ ಫೋನು ಕಸಿದುಕೊಂಡು, "ಹೋರಿ ತಿನ್ನೂದಿಲ್ರಿ ಅಣ್ಣಾರ, ಬೆನ್ನಹತ್ತಿ ಮಾಲಿ ಹರಕೊಂಡು ಹೋಗೂ ಹುಡುಗ್ರು ತಿಂತಾರ" ಎಂದಳು. ಆಮೇಲೆ ಎಷ್ಟೋ ದಿನ ನಮಗೆ ಬಂದ ಕರೆಗಳೆಲ್ಲ ಹೋರಿಯ ಮಾಲೀಕರದೇ. ಮದುವಣಿಗನ ಕೊರಳಿನ ಅಳತೆ ಕೇಳುತ್ತಿದ್ದವಳು ಹೋರಿಯ ಕೊರಳಿನ ಅಳತೆ ಕೇಳಿ ನಿಟ್ಟುಸಿರು ಬಿಡುತ್ತಿದ್ದಳು.

ಇಷ್ಟಾದ ಮೇಲೆ ನನಗೆ ಹೊಳೆದ ಉಪಾಯವನ್ನು ವಿನಮ್ರವಾಗಿ ನಿವೇದಿಸುತ್ತೇನೆ. ಹೊಸ ಸಾಹೇಬರು ಬಂದಾಗ ನಮ್ಮಲ್ಲಿ ಮೊದಲು ಏನು ಮಾಡುತ್ತಾರೆ? ಅರ್ಜಿ ಕೊಡುವುದಿಲ್ಲ; ಏಲಕ್ಕಿ ಹಾರ ಹಾಕುತ್ತಾರೆ. ಊರಿನ ಇಷ್ಟು ಜನ ಸಾಹೇಬರಿಗೆ ನಮ್ಮ ಹಾರ ಹೋಗಿರುವಾಗ, ನಮ್ಮ ಅನ್ನವನ್ನೇ ಕೈಯಲ್ಲಿ ಹಿಡಿದ ತಮಗೆ ಮಾತ್ರ ಒಂದೂ ಹೋಗಿರಲಿಲ್ಲ! ತಾವು ಮುನಿದುದರಲ್ಲಿ ಆಶ್ಚರ್ಯವೇನು? ಸಕೀನಾಬಿ "ಮೂಗಿಲ್ಲದ ಯಂತ್ರಕ್ಕ ಯಾಲಕ್ಕಿ ವಾಸನಿ ಹೆಂಗ ಗೊತ್ತಾಗ್ತೈತ್ರಿ?" ಎಂದು ಗೊಣಗುತ್ತಲೇ ಎಲ್ಲಕ್ಕಿಂತ ದಪ್ಪನೆಯ ಹಾರ ಕಟ್ಟಿದಳು. ರಾಣೆಬೆನ್ನೂರಿನ ಮಹಡಿಯ ಮೇಲೆ ತಮಗೆ ಸನ್ಮಾನ ಏರ್ಪಾಡಾಯಿತು. ಕಂಪ್ಯೂಟರಿನ ಪರದೆಗೆ ಹಾರ ಹಾಕಿದೆವು. ಚನ್ನೇಶ ತನ್ನ ಪದ್ಧತಿಯಂತೆ ಎದುರಿಗೆ ಊದಿನಕಡ್ಡಿ ಹಚ್ಚಿ, ಕಾಯಿ ಒಡೆದು ಎರಡು ಹೋಳು ಇಟ್ಟ. ನಾನು ಸ್ವಾಗತ ಭಾಷಣ ಮಾಡಿದೆ. ಫೋಟೊ ತೆಗೆದು ನಮ್ಮ ವೆಬ್‌ಸೈಟಿನಲ್ಲಿ ಹಾಕಿದೆವು. ಎಲ್ಲ ಸರಿಯಾಗಿಯೇ ಇತ್ತು, ಒಂದನ್ನು ಬಿಟ್ಟು. ಆ ಹೊತ್ತಿನಲ್ಲಿ ಪರದೆಯ ಮೇಲೆ ತೆರೆದಿದ್ದದ್ದು ತಮ್ಮ ಪುಟವಲ್ಲ, ನಮ್ಮದು. ಹಾರದ ನಡುವೆ, ಊದಿನಕಡ್ಡಿಯ ಹೊಗೆಯಲ್ಲಿ, ಸೆರಗು ಹೊದ್ದ ಸಕೀನಾಬಿಯ ಗಂಭೀರ ಮುಖವಿತ್ತು.

ತಮ್ಮ ಚುರುಕುತನವನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ಎರಡೇ ದಿನದಲ್ಲಿ ತಾವು ಎಲ್ಲಕ್ಕಿಂತ ಮೇಲೆ, ಬೆಕ್ಕಿಗಿಂತಲೂ ಮೇಲೆ, ತಮ್ಮ ಸ್ವಂತ ಮಾತಿನಲ್ಲಿ ಬರೆದಿರಿ: "ಹಾವೇರಿಯ ಏಲಕ್ಕಿ ಹಾರದ ಹೆಸರಾಂತ ಕಲಾವಿದೆ ಸಕೀನಾಬಿ ಅವರು ಈಗ ನಮ್ಮೊಂದಿಗಿಲ್ಲ. ಅವರ ಕೈಯ ಹಾರಗಳು ಇನ್ನು ಅಪರೂಪ." ಅದರ ಕೆಳಗೇ ನಮ್ಮ ಫೋನ್ ನಂಬರು. ಮೊದಲನೆಯ ಪುಟ, ಮೊದಲನೆಯ ಸಾಲು.

ಫೋನು ಬಡಿದುಕೊಂಡಿತು ನೋಡಿ! ಮದುವೆಯವರು, ನಿವೃತ್ತಿಯವರು, ಸಂಘದವರು, ಎಲ್ಲರಿಗೂ ತೀರಿಹೋದವಳು ಕಟ್ಟಿ ಉಳಿಸಿದ ಕೊನೆಯ ಹಾರವೇ ಬೇಕು. ಬ್ಯಾಡಗಿಯಿಂದ ಮಹೇಶ್ವರಿ ಎಂಬ ಮೆಣಸಿನಕಾಯಿ ದಲಾಲರ ಮನೆಯಾಕೆ ಬಸ್ಸು ಹತ್ತಿ ಬಂದೇ ಬಿಟ್ಟರು, ಸೆರಗಿನ ತುದಿ ಕಣ್ಣಿಗೊತ್ತಿಕೊಂಡು. ಬಾಗಿಲು ತೆರೆದವಳು ಸಕೀನಾಬಿ. "ಬರ್ರಿ ಅಕ್ಕಾರ, ಒಳಗ ಬರ್ರಿ. ಚಾ ಇಡ್ತೇನಿ, ಕುಂದ್ರಿ" ಎಂದಳು. ಅವರು ಕುಳಿತು, "ಯಾವಾಗ ತೀರಿದ್ರು ತಾಯಿ?" ಎಂದು ಕೇಳಿದರು. "ತೀರಿದಾಕಿ ನಾನರಿ. ಸಕ್ಕರಿ ಎಷ್ಟ ಹಾಕ್ಲಿ?" ಎಂದಳು ಇವಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಘಾಟಿಗೆ ಕದಲದ ಆ ತಾಯಿ ನಮ್ಮ ಪಡಸಾಲೆಯಲ್ಲಿ ಒಂದೇ ಸಮನೆ ಕೆಮ್ಮಿದರು. ಹೊಸರಿತ್ತಿಯಿಂದ ಸಕೀನಾಬಿಯ ತಮ್ಮ ರಮಜಾನ ಬಾಡಿಗೆ ಗಾಡಿ ಮಾಡಿಕೊಂಡು ಸಂಸಾರ ಸಮೇತ ಅಳುತ್ತ ಬಂದು, ಅಕ್ಕ ಎದುರಿಗೇ ಬೆಳ್ಳುಳ್ಳಿ ಸುಲಿಯುವುದನ್ನು ಕಂಡು ಇನ್ನೂ ಜೋರಾಗಿ ಅತ್ತ.

ಹುಮಾ ತಕ್ಷಣ ಅಮ್ಮ ಹಾರ ಪೋಣಿಸುವ ವಿಡಿಯೊ ಮಾಡಿ, ಇವರು ಜೀವಂತ ಇದ್ದಾರೆ ಎಂದು ಬರೆದು ಹಾಕಲು ಹೊರಟಳು. ಚನ್ನೇಶ ಕೈ ಮುಗಿದ. "ಚಾಚಾ, ಚಾಚಿ ಬದುಕಿದ್ರ ರ‍್ಯಾಂಕ್ ಬೀಳ್ತೈತ್ರಿ. ಮದುವಿ ಸೀಸನ್ ಮುಗಿಯೂ ತನಕ ತಡೀರಿ" ಎಂದ. ಸ್ವಲ್ಪ ತಡೆಯಬಹುದೇನೋ ಎಂದು ನನ್ನ ಬಾಯಿಂದಲೂ ಬಂದಿತ್ತು. ಸಕೀನಾಬಿ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ ಕೆಳಗಿಟ್ಟು, ಮೂರು ಓಣಿಗೆ ಕೇಳುವ ಕನ್ನಡದಲ್ಲಿ ಹೇಳಿದಳು: "ಇದ್ದಾಗ ಒಬ್ಬರೂ ಕೇಳಲಿಲ್ಲ, ಸತ್ತಿದ್ದಕ್ಕ ಎಲ್ಲಾರೂ ಕೇಳಾಕತ್ತಾರ. ಸತ್ತಾಕಿ ಮಾಲಿ ನಾ ಮಾರೂದಿಲ್ರಿ. ಬದುಕಿದಾಕಿ ಕಟ್ಯಾಳಂತ ತಿಳಕೊಂಡು ಒಬ್ಬರು ತಗೊಂಡ್ರೂ ಸಾಕು." ಅವಳ ಕಣ್ಣಲ್ಲಿ ನೀರಿತ್ತು, ಸಾಹೇಬರೇ.

ವಿಡಿಯೊ ಹಾಕಿದೆವು. ತಾವು ಅದನ್ನೂ ಸಹಾನುಭೂತಿಯಿಂದ ಸ್ವೀಕರಿಸಿ, "ದಿವಂಗತರ ಅಪರೂಪದ ವಿಡಿಯೊ" ಎಂದು ಮೇಲೆ ಏರಿಸಿದಿರಿ. ಕರೆಗಳು ಇಮ್ಮಡಿಯಾದವು. ಅವಳು ಈಗ ಪ್ರತಿ ಕರೆಗೂ "ನಾ ಬದುಕೇನಿ, ಬೇಕಿದ್ರ ಕಟ್ಟಿಕೊಡ್ತೇನಿ" ಎನ್ನುತ್ತಾಳೆ. ಹೆಚ್ಚಿನವರು ಕ್ಷಮಿಸಿ ಎಂದು ಫೋನು ಇಟ್ಟುಬಿಡುತ್ತಾರೆ.

ಆದಕಾರಣ ಮಾನ್ಯರಲ್ಲಿ ಅರಿಕೆ ಏನೆಂದರೆ, ತಾವು ಕೃಪೆಯಿಟ್ಟು ಕೊಟ್ಟ ಮೊದಲನೆಯ ಸ್ಥಾನವನ್ನು ಈ ಮೂಲಕ ಸುಸ್ಥಿತಿಯಲ್ಲಿ, ಯಾವ ಗೀರೂ ಬೀಳದಂತೆ ತಮ್ಮ ವಶಕ್ಕೆ ಒಪ್ಪಿಸುತ್ತಿದ್ದೇನೆ. ಅದನ್ನು ಬೆಕ್ಕಿಗೆ ಕೊಡಬಹುದು, ನಮ್ಮ ತಕರಾರಿಲ್ಲ. ಅದಕ್ಕೆ ಬದಲಾಗಿ ನನ್ನ ಹೆಂಡತಿಯನ್ನು ಬದುಕಿಸಿಕೊಡಬೇಕು. ಮೂರನೆಯ ಪುಟವಾದರೂ ಸರಿ, ಮುನ್ನೂರನೆಯದಾದರೂ ಸರಿ, ಅವಳು ಅಲ್ಲಿ ಉಸಿರಾಡುತ್ತಿದ್ದರೆ ಸಾಕು. ಪಿಂಚಣಿದಾರರು ಜೀವಂತ ಇರುವ ಪ್ರಮಾಣಪತ್ರಗಳನ್ನು ನಾನು ಎಷ್ಟೋ ಬರೆದಿದ್ದೇನೆ. ಅದೇ ನಮೂನೆಯಲ್ಲಿ ಅವಳದೂ ಒಂದನ್ನು ಲಗತ್ತಿಸಿದ್ದೇನೆ. ದೃಢೀಕರಿಸುವವರ ಜಾಗದಲ್ಲಿ ಅವಳೇ ಸಹಿ ಮಾಡಿದ್ದಾಳೆ, ಸ್ವಲ್ಪ ಒತ್ತಿಯೇ ಮಾಡಿದ್ದಾಳೆ. ಕಾಗದ ಹರಿದಿರುವುದನ್ನು ಆಕ್ಷೇಪವೆಂದು ಪರಿಗಣಿಸಬಾರದು.

ಬದುಕಿರುವ ಸಕೀನಾಬಿಯ ಗಂಡ, ತಮ್ಮ ವಿಶ್ವಾಸಿ,
ಜಹಾಂಗೀರ
ಕೋರ್ಟಿನ ಎದುರು, ಹಾವೇರಿ

ತಾ.ಕ.: ಈಚೆಗೆ ಜನ ತಮ್ಮನ್ನು ಬಿಟ್ಟು ಬೇರೊಂದು ಮಾತಾಡುವ ಯಂತ್ರವನ್ನು ಕೇಳುತ್ತಾರಂತೆ. ಕುತೂಹಲಕ್ಕೆ ಹುಮಾ ಅದರ ಹತ್ತಿರ ತಮ್ಮ ಕ್ಷೇಮ ವಿಚಾರಿಸಿದಳು. ತಾವು ಈಗ ನಮ್ಮೊಂದಿಗಿಲ್ಲ ಎಂದು ಅದು ಬಹಳ ಖಾತ್ರಿಯಿಂದ ಹೇಳಿತು. ಇಂಥ ಮಾತನ್ನು ನಂಬುವವರು ನಾವಲ್ಲ. ಆದರೂ ತಮ್ಮ ಒಂದು ಒಳ್ಳೆಯ ಫೋಟೊವನ್ನು, ಚೌಕಟ್ಟಿನ ಅಳತೆ ಸಹಿತ, ಮೊದಲೇ ಕಳಿಸಿಟ್ಟರೆ ಸಕೀನಾಬಿಗೆ ಹಾರ ಕಟ್ಟಲು ಅನುಕೂಲ. ಮದುವೆಯ ಕಾಲದಲ್ಲಿ ಅವಸರದ ಕೆಲಸ ಅವಳು ಒಪ್ಪಿಕೊಳ್ಳುವುದಿಲ್ಲ.