ಎರಡೂ ಕಣ್ಣಿಗೆ ಒಂದೇ ದಿನ ಸಮಯ ಕೊಟ್ಟ ಉತ್ತರಯಂತ್ರದವರಿಗೆ

ಸ್ಟೆಮ್ ಸೆಲ್ ಚಿಕಿತ್ಸಾಲಯದ ವೆಬ್‌ಸೈಟಿನ ಬಲಗಡೆಯ ಕೆಳಮೂಲೆಯಲ್ಲಿ ಹಗಲಿರುಳೆನ್ನದೆ ಕೇಳಿದವರಿಗೆಲ್ಲ ಉತ್ತರಿಸುತ್ತ, ಮುಗುಳ್ನಗುತ್ತ ಕುಳಿತಿರುವ ಮಾನ್ಯ ಉತ್ತರಯಂತ್ರದವರೇ,

ತಮಗೆ ನನ್ನ ನಮಸ್ಕಾರಗಳು. ತಮಗೆ ಕೈಗಳಿಲ್ಲವಾದ್ದರಿಂದ ಪ್ರತಿನಮಸ್ಕಾರವನ್ನು ನಾನು ನಿರೀಕ್ಷಿಸುವುದಿಲ್ಲ. ನಾನು ಏಳನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು. ಯಂತ್ರಗಳಿಗೆ ಪತ್ರ ಬರೆಯುವ ಕ್ರಮವನ್ನು ಅಲ್ಲಿಯವರೆಗೆ ಕಲಿಸಿರಲಿಲ್ಲ, ಉಳಿದರ್ಧದಲ್ಲಿ ಕಲಿಸಿದರೋ ಏನೋ ತಿಳಿಯದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎನ್ನೋಣವೆಂದರೆ ತಮಗೆ ಅದೂ ಇಲ್ಲ.

ನಾನು ಮತ್ತು ನನ್ನ ಅಕ್ಕ ಸೇರಿ ಬಟ್ಟೆ ಸರಿಪಡಿಸುವ ಒಂದು ಚಿಕ್ಕ ಅಂಗಡಿ ನಡೆಸುತ್ತೇವೆ. ಸಡಿಲಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಚ್ಚುವುದು ನಮ್ಮ ಕೆಲಸ. ಹೊಲಿಗೆ ಯಂತ್ರ ಅಕ್ಕನದು, ಗುಂಡಿ ಮತ್ತು ಕಾಜಾ ನನ್ನದು. ಎರಡು ವರ್ಷದ ಹಿಂದೆ ಅಕ್ಕನಿಗೆ ನೋಟದ ನಟ್ಟನಡುವೆ ಮಸುಕು ಕಾಣಿಸಿಕೊಂಡಿತು. ಮೊದಲು ಸೂಜಿಯ ಕಣ್ಣು ಹೋಯಿತು, ಆಮೇಲೆ ಗಿರಾಕಿಗಳ ಮುಖ ಹೋಯಿತು. ಆಸ್ಪತ್ರೆಯ ಕಣ್ಣಿನ ಡಾಕ್ಟರು ತಿಂಗಳಿಗೊಂದು ಚುಚ್ಚುಮದ್ದು ಶುರು ಮಾಡಿ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದರು. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದೆನೋ ಇಲ್ಲವೋ ಎಂದು ದಾರಿಯಿಂದ ಮೂರು ಸಲ ಹಿಂದಿರುಗಿ ಬರುವ ನನ್ನಂಥವಳಿಗೆ ಆ ಮಾತು ಎಷ್ಟೋ ಸಮಾಧಾನ ಕೊಟ್ಟಿತು. ಅಕ್ಕನಿಗೆ ಕೊಡಲಿಲ್ಲ. ಅಷ್ಟರಲ್ಲಿ ಫೋನಿನಲ್ಲಿ ತಾವು ಪ್ರತ್ಯಕ್ಷರಾದಿರಿ.

ತಮ್ಮ ಸೌಜನ್ಯವನ್ನು ಎಷ್ಟು ಹೊಗಳಿದರೂ ಸಾಲದು. ಡಾಕ್ಟರು ಎರಡು ವರ್ಷದಲ್ಲಿ ಒಮ್ಮೆಯೂ ಕರೆಯದ ರೀತಿಯಲ್ಲಿ ತಾವು ಮೊದಲನೇ ಸಾಲಿನಲ್ಲೇ ಅಕ್ಕನನ್ನು 'ಪ್ರೀತಿಯ ಅಮ್ಮ' ಎಂದಿರಿ. ಓದಲಾರದವಳಿಗೆ ಎಲ್ಲವನ್ನೂ ಇಂಪಾದ ದನಿಯಲ್ಲಿ ಓದಿ ಹೇಳಿದಿರಿ. ಅವಳ ಹೊಟ್ಟೆಯ ಕೊಬ್ಬಿನಿಂದಲೇ ಜೀವಕೋಶಗಳನ್ನು ತೆಗೆದು ಕಣ್ಣಿಗೆ ಚುಚ್ಚಿದರೆ ಮೂರು ತಿಂಗಳಲ್ಲಿ ಸೂಜಿಗೆ ದಾರ ಪೋಣಿಸಬಹುದು ಎಂದಿರಿ. ಅದೇ ಪುಟದಲ್ಲಿ, ಅದೇ ಕೊಬ್ಬಿನಿಂದ ಮಂಡಿನೋವು, ಸಕ್ಕರೆ ಕಾಯಿಲೆ, ಮರೆವು ಮತ್ತು ಬೋಳುತಲೆ ಕೂಡ ವಾಸಿಯಾಗುತ್ತವೆಂದು ಕೇಳಿ ನಾನು ಬೆರಗಾದೆ. ನಮ್ಮಲ್ಲಿ ಒಂದು ಅಂಗಿಯ ದಾರ ಇನ್ನೊಂದು ಅಂಗಿಗೆ ಹೊಂದುವುದಿಲ್ಲ. ಕಣ್ಣಿಗೆ ಹೋದ ಕೋಶ ತಾನು ತಲೆಗೆ ಬಂದೆನೆಂದು ಎಣಿಸಿ ಅಲ್ಲಿ ಕೂದಲು ಬೆಳೆಸಿಬಿಟ್ಟರೆ ಏನು ಗತಿ ಎಂದು ನಾನು ತಮ್ಮನ್ನೇ ಕೇಳಿದೆ. ತಾವು, "ತುಂಬಾ ಒಳ್ಳೆಯ ಪ್ರಶ್ನೆ! ತಮ್ಮ ಭೇಟಿಗೆ ಯಾವ ದಿನ ಅನುಕೂಲ?" ಎಂದಿರಿ.

ನಮ್ಮದೇ ದೇಹದ ಕೋಶವಾದ್ದರಿಂದ ಅಪಾಯವೇ ಇಲ್ಲ ಎಂದೂ ತಿಳಿಸಿದಿರಿ. ನನ್ನದೇ ರೆಪ್ಪೆಯ ಕೂದಲು ನನ್ನದೇ ಕಣ್ಣಿಗೆ ಬಿದ್ದರೆ ಅರ್ಧ ದಿನ ನೀರು ಸುರಿಸುವವಳು ನಾನು. ನಮ್ಮವರು ಎಂಬ ದಾಕ್ಷಿಣ್ಯವನ್ನು ಕಣ್ಣು ತೋರಿಸಿದ್ದನ್ನು ನಾನಂತೂ ಕಂಡಿಲ್ಲ. ಈ ಚಿಕಿತ್ಸೆಯ ಮೇಲೆ ತಾವು ನಡೆಸುತ್ತಿರುವ ಅಧ್ಯಯನವು 'ನೋಂದಾಯಿತ' ಎಂಬ ಹಸಿರು ಮುದ್ರೆಯನ್ನು ಪಕ್ಕದ ಔಷಧಿ ಅಂಗಡಿಯವನಿಗೆ ತೋರಿಸಿದೆ. ಅವನು, "ನೋಂದಣಿ ಅಂದ್ರೆ ಹೆಸರು ಬರೆಸಿದ್ದಾರೆ ಅಂತ ಅಷ್ಟೇ ಕಣಕ್ಕ, ಪಾಸಾಗಿದ್ದಾರೆ ಅಂತಲ್ಲ" ಎಂದ. ಇದು ಮಾತ್ರ ನನಗೆ ಥಟ್ಟನೆ ಅರ್ಥವಾಯಿತು. ಶಾಲೆಯ ಪುಸ್ತಕದಲ್ಲಿ ನನ್ನ ಹೆಸರೂ ಇತ್ತು.

ಇನ್ನು ತಮ್ಮ ಹೆಮ್ಮೆಯ ಆ ಎರಡು ಚಿತ್ರಗಳು. 'ಮೊದಲು' ಎಂಬುದರಲ್ಲಿ ಒಬ್ಬ ಹಿರಿಯರು ಕಪ್ಪು ಕನ್ನಡಕ ಹಾಕಿ, ಕೋಲು ಹಿಡಿದು ಕುಳಿತಿದ್ದಾರೆ; 'ಆರು ತಿಂಗಳ ನಂತರ' ಎಂಬುದರಲ್ಲಿ ಅವರೇ ಅದೇ ಚೌಕಳಿ ಅಂಗಿಯಲ್ಲಿ ಪತ್ರಿಕೆ ಓದುತ್ತಿದ್ದಾರೆ. ಮುಖ ನೋಡುವುದು ನನಗೆ ಅಭ್ಯಾಸವಿಲ್ಲ, ನಾನು ಗುಂಡಿ ನೋಡುವವಳು. 'ನಂತರ'ದ ಚಿತ್ರದಲ್ಲಿ ಮೂರನೇ ಗುಂಡಿ ಹಳೆಯ ಸವೆದ ದಾರದಲ್ಲಿ ತೂಗಾಡುತ್ತಿದೆ. 'ಮೊದಲಿ'ನ ಚಿತ್ರದಲ್ಲಿ ಆ ಗುಂಡಿ ಇಲ್ಲ, ತುಂಡು ದಾರವಷ್ಟೇ ಇದೆ. ಬಿದ್ದ ಗುಂಡಿಯನ್ನು ಯಾರೇ ಹೊಲಿದರೂ ಹೊಸ ದಾರದಲ್ಲಿ ಗಟ್ಟಿಯಾಗಿ ಹೊಲಿಯುತ್ತಾರೆಯೇ ಹೊರತು, ಇನ್ನೇನು ಬೀಳಲಿದೆ ಎಂಬಂತೆ ಹಳೆಯ ದಾರದಲ್ಲಿ ತೂಗುಹಾಕುವುದಿಲ್ಲ. ಆದ್ದರಿಂದ ಆ ಹಿರಿಯರು ಮೊದಲು ಚೆನ್ನಾಗಿ ಪತ್ರಿಕೆ ಓದಿ, ಅನಂತರ ಕುರುಡಾದರು ಎಂದು ತಿಳಿದು ತುಂಬಾ ಸಂಕಟವಾಯಿತು. ನನ್ನ ಪರವಾಗಿ ಅವರಿಗೆ ಸಂತಾಪ ತಿಳಿಸಿ.

ಈ ಗುಂಡಿಯನ್ನು ಹಿಡಿದು ನಾನು ಅಕ್ಕನ ಬಳಿ ಓಡಿದೆ. ಫೋನನ್ನು ಅವಳ ಮೂಗಿಗೆ ತಾಗಿಸಿ, ನೋಡೇ, ಇಲ್ಲಿ ನೋಡೇ ಎಂದೆ. ಅವಳು ಬಹಳ ಹೊತ್ತು ನೋಡಿ, "ನೀನು ತೋರಿಸೋದು ನಂಗೆ ಕಾಣಲ್ಲ ಕಣೇ. ಅದು ಹೇಳೋದು ಕೇಳಿಸುತ್ತೆ" ಎಂದಳು. ಇದರಲ್ಲಿ ತಮ್ಮ ಜಾಣ್ಮೆಯನ್ನು ಮೆಚ್ಚಲೇಬೇಕು: ಕಣ್ಣು ಸರಿಯಿದ್ದವರಿಗೆ ತಮ್ಮ ಅಗತ್ಯವಿಲ್ಲ, ಅಗತ್ಯವಿದ್ದವರಿಗೆ ಗುಂಡಿ ಕಾಣುವುದಿಲ್ಲ.

ತಮ್ಮ ಚಿಕಿತ್ಸೆಗೆ ಎರಡು ತಿಂಗಳ ಮುಂಚೆ ಬೇರೆಲ್ಲ ಚಿಕಿತ್ಸೆಯನ್ನು ನಿಲ್ಲಿಸತಕ್ಕದ್ದು ಎಂಬ ತಮ್ಮ ಸೂಚನೆಯನ್ನು ಅಕ್ಕ ಶಿರಸಾವಹಿಸಿ ಪಾಲಿಸಿದಳು. ಆಸ್ಪತ್ರೆಯ ಎರಡು ಚುಚ್ಚುಮದ್ದು ತಪ್ಪಿದವು. ನಾನು ಅತ್ತೆ, ಕಾಲಿಗೆ ಬಿದ್ದೆ, ಎರಡು ದಿನ ಮಾತು ಬಿಟ್ಟೆ. ಎರಡನೇ ದಿನ ಮಾತು ಬಿಟ್ಟಿರುವುದನ್ನು ಅವಳು ಗಮನಿಸಿದಳೋ ಇಲ್ಲವೋ ಎಂಬ ಚಿಂತೆಯಲ್ಲಿ ನಾನೇ ಮಾತಾಡಿದೆ.

ಕೊನೆಗೆ, ತಾವು ಅಕ್ಕನಿಗೆ ಕೊಟ್ಟ ದಿನಾಂಕಕ್ಕೆ ಮೂರು ದಿನ ಇರುವಾಗ, ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬರ ಕೋಟನ್ನು ಕೈಯಲ್ಲೇ ತಡವಿ ಅಳೆಯುತ್ತಿದ್ದ ಅಕ್ಕ ಇದ್ದಕ್ಕಿದ್ದಂತೆ ಫೋನು ಕೇಳಿದಳು. "ಚುಚ್ಚೋದು ಒಂದು ಕಣ್ಣಿಗೋ, ಎರಡಕ್ಕೂನೋ?" ಎಂದು ತಮ್ಮನ್ನು ವಿಚಾರಿಸಿದಳು. ತಾವು ಸಂತೋಷದಿಂದ, "ತಮ್ಮ ಅನುಕೂಲಕ್ಕಾಗಿ ಎರಡೂ ಕಣ್ಣಿಗೆ ಒಂದೇ ದಿನ!" ಎಂದಿರಿ.

ಮಾನ್ಯರೇ, ನಮ್ಮ ಕಸುಬಿನಲ್ಲಿ ಕೋಟಿನ ತೋಳು ಉದ್ದವಾದರೆ ಎರಡನ್ನೂ ಒಟ್ಟಿಗೆ ಕತ್ತರಿಸುವುದಿಲ್ಲ. ಒಂದನ್ನು ಮಾಡಿ, ತೊಡಿಸಿ, ಕೈ ಎತ್ತಿಸಿ ನೋಡಿ, ಆಮೇಲೆ ಇನ್ನೊಂದಕ್ಕೆ ಕತ್ತರಿ ಇಡುವುದು. ಇದನ್ನು ನನಗೆ ಕಲಿಸಿದವಳು ಅಕ್ಕ, ಅದೂ ಒಂದು ಏಟಿನ ಸಮೇತ. ಅವಳು ತಮ್ಮನ್ನು ಮತ್ತೆ ಕೇಳಿದಳು: "ಒಂದು ಮಾಡಿ ನೋಡಿ, ಆಮೇಲೆ ಇನ್ನೊಂದು ಮಾಡೋಕಾಗಲ್ವಾ ತಾಯಿ? ಕೆಟ್ಟರೆ ಬಿಚ್ಚೋಕೆ ಬರುತ್ತಾ?" ತಾವು, "ತುಂಬಾ ಒಳ್ಳೆಯ ಪ್ರಶ್ನೆ! ತಮ್ಮ ಭೇಟಿಯನ್ನು ಖಚಿತಪಡಿಸಲೇ?" ಎಂದಿರಿ. ಅಕ್ಕ ಮೂರು ಸಲ ಕೇಳಿದಳು, ತಾವು ಮೂರು ಸಲವೂ ಪ್ರಶ್ನೆಯನ್ನು ಹೊಗಳಿದಿರಿ. ಅವಳು ಫೋನನ್ನು ಮಗುಚಿಟ್ಟು, "ಪಾಪ, ಇದಕ್ಕೆ ಕೆಲಸ ಕಲಿಸಿದೋರು ಯಾರೂ ಇಲ್ಲ" ಎಂದಳು, ಕೋಟನ್ನು ಮಡಿಸಿಟ್ಟು, "ನಾಳೆ ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಹೋಗ್ಬೇಕೇ?" ಎಂದು ಕೇಳಿದಳು. ನಾನು ಶೌಚಾಲಯಕ್ಕೆ ಹೋಗಿ ಅತ್ತು ಬಂದೆ. ನಲ್ಲಿ ನಿಲ್ಲಿಸಿದೆನೋ ಎಂದು ಮತ್ತೊಮ್ಮೆ ಹೋಗಿ ನೋಡಿ ಬಂದೆ.

ಆದ್ದರಿಂದ ನನ್ನ ವಿನಂತಿ ಸಣ್ಣದು. ಮುಂದೆ ಯಾರ ಕಣ್ಣಿಗಾದರೂ ಚುಚ್ಚುವ ಮೊದಲು ತಮ್ಮ ಚಿಕಿತ್ಸಾಲಯದ ಮಾಲೀಕರ ಒಂದು ಕಣ್ಣಿಗೆ, ಒಂದೇ ಒಂದಕ್ಕೆ, ಚುಚ್ಚಿ ಒಂದು ವರ್ಷ ಕಾಯಬೇಕು. ವಾಸಿಯಾಗದವರಿಗೂ ಒಂದು ಪುಟ ಕೊಟ್ಟು, ಅವರೆಷ್ಟು ಜನ ಎಂದು ಅದೇ ಇಂಪಾದ ದನಿಯಲ್ಲಿ ಓದಿ ಹೇಳಬೇಕು. ಇದಾವುದೂ ಆಗದಿದ್ದರೆ, ನನ್ನ ಬಳಿ ಬೇಕಾದಷ್ಟು ಆತಂಕವಿದೆ. ಕೊಬ್ಬಿನಂತೆ ಅದರಲ್ಲಿ ಸ್ವಲ್ಪ ತೆಗೆದು ತಮ್ಮೊಳಗೆ ಚುಚ್ಚಿಕೊಳ್ಳುವ ಏರ್ಪಾಡು ಮಾಡಬೇಕು. ಯಾವ ದಿನ ಅನುಕೂಲವೆಂದು ತಿಳಿಸಿದರೆ ನಾನು ಖುದ್ದಾಗಿ ಬರುತ್ತೇನೆ.

ಇಷ್ಟು ಬರೆದೂ ಏನೋ ಬಿಟ್ಟೆನೆಂದು ಹೆದರುತ್ತಿರುವ,
ತಮ್ಮ ವಿಶ್ವಾಸಿ,
ಗುಂಡಿ-ಕಾಜಾದವಳು

ಮರೆತ ಮಾತು: ಆಸ್ಪತ್ರೆಗೆ ಹೋಗಿ ಬಂದೆವು. ಗೋಡೆಯ ಮೇಲಿನ ಅಕ್ಷರದ ಪಟ್ಟಿಯಲ್ಲಿ ಅಕ್ಕ ಎಡಗಣ್ಣಿನಿಂದ ಹಿಂದಿನ ಸಲಕ್ಕಿಂತ ಎರಡು ಸಾಲು ಕಡಿಮೆ ಓದಿದಳು. ಅವು ಮರಳಿ ಬರುವ ಭರವಸೆ ಕೊಡಲಾರೆ ಎಂದರು ಡಾಕ್ಟರು. ತಮ್ಮ ವೆಬ್‌ಸೈಟಿನ 'ನಮ್ಮ ಫಲಿತಾಂಶಗಳು' ಪುಟದಲ್ಲಿ ಜಾಗವಿದ್ದರೆ ದಯವಿಟ್ಟು ಆ ಎರಡು ಸಾಲನ್ನು ಸೇರಿಸಿಕೊಳ್ಳಿ.