ಮುದ್ದಿಯ ಕೊನೆಯ ಹನಿ

ಎಲ್ಲಕ್ಕೂ ಕಾರಣ ಬೆನ್ನಿಗೆ ಬಿದ್ದ ಒಂದು ಏಟು. ಪ್ರೀತಿಯ ಏಟೇ, ಇಲ್ಲ ಅನ್ನುವುದಿಲ್ಲ. ಆದರೆ ಕೊಟ್ಟವನು ಸ್ಟೋರ್ ಕೀಪರ್, ಅವನ ಕೈಯೋ ಒನಕೆ.

ಲ್ಯಾಬ್ ಸಹಾಯಕ ಹನಿಯಣ್ಣ ಆಗಷ್ಟೇ ಫ್ರೀಜರಿನಿಂದ ಬೆರಳುದ್ದದ ಟ್ಯೂಬು ತೆಗೆದು ಮುಚ್ಚಳ ಬಿಚ್ಚಿದ್ದ. ಒಳಗಿದ್ದದ್ದು ಪ್ರತಿಕಾಯ. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ತಯಾರಿಸುವ ಕಿಣ್ವ ಎಲ್ಲಿದೆಯೋ ಅಲ್ಲಿಗೇ ಹೋಗಿ ಅಂಟಿಕೊಂಡು, ಬಣ್ಣ ಹಾಕಿದಾಗ ತೋರಿಸಿಕೊಡುವ ವಸ್ತು. ಈಗೇನೋ ಕಂಪನಿಯವರು ಕಳಿಸುತ್ತಾರೆ. ಆಗ ಎಲ್ಲಿತ್ತು? ದೊಡ್ಡ ಮೇಡಮ್ ಹೊಸದಾಗಿ ಸೇರಿದ್ದ ಕಾಲದಲ್ಲಿ ಅವರೂ ಇವನೂ ಒಂದು ಬಿಳಿ ಮೊಲ ಸಾಕಿ, ಅದರ ರಕ್ತದಿಂದ ಇದನ್ನು ಪಡೆದಿದ್ದರು. ಮೊಲದ ಹೆಸರು ಮುದ್ದಿ. ಹನಿಯಣ್ಣನ ಕೋಟಿನ ಗುಂಡಿಗಳನ್ನೆಲ್ಲ ಕಡಿದು ಹಾಕಿದ್ದೂ ಅದೇ.

ಮುದ್ದಿ ಹೋಗಿ ಎಷ್ಟೋ ವರ್ಷವಾಗಿತ್ತು. ಉಳಿದದ್ದು ಈ ಟ್ಯೂಬೊಂದೇ. ಫ್ರೀಜರಿಗೆ ಬೀಗ ಹಾಕಿ, ಕೇಳಿದವರಿಗೆ ಹನಿಹನಿಯಾಗಿ ಕೊಟ್ಟು ಹನಿಯಣ್ಣ ಎಂಬ ಅಡ್ಡಹೆಸರು ಸಂಪಾದಿಸಿದ್ದ. "ಹಳೇದಾದಷ್ಟೂ ಚೆನ್ನಾಗಾಗ್ತಿದೆ ನೋಡಿ. ಮೊದಲು ಅಂಚಲ್ಲಿ ಮಬ್ಬು ಕಲೆ ಬರ್ತಿತ್ತು, ಈಗ ಅದೂ ಇಲ್ಲ" ಎಂದು ಕೊಚ್ಚಿಕೊಳ್ಳುತ್ತಿದ್ದ.

ಇವತ್ತು ಮೇಡಮ್ ನಿವೃತ್ತಿ. "ಹೋಗೋ ಮುಂಚೆ ನಮ್ಮ ಮುದ್ದಿದು ಒಂದ್ಸಲ ತೋರಿಸ್ತೀನಿ" ಎಂದು ಮಾತು ಕೊಟ್ಟಿದ್ದ. ಮೇಡಮ್ ಯಾಕೋ ಮುಖ ತಿರುಗಿಸಿ "ಆಗಲಿ" ಎಂದಿದ್ದರು.

"ಮೇಡಮ್ ಹೋಗ್ತಾರೆ ಅಂತ ಇಷ್ಟು ಬೇಜಾರ್ ಮಾಡ್ಕೋಬೇಡ ಕಣಯ್ಯ" ಎಂದು ಸ್ಟೋರ್ ಕೀಪರ್ ಬೆನ್ನು ತಟ್ಟಿದ. ಟ್ಯೂಬು ಹಾರಿ ಸಿಂಕಿಗೆ ಬಿತ್ತು, ನಲ್ಲಿಯ ನೀರಿನ ಜೊತೆ ಕೊಳವೆಯೊಳಗೆ ಇಳಿಯಿತು.

ಹನಿಯಣ್ಣ ನಲ್ಲಿ ನಿಲ್ಲಿಸಿ ಕೊಳವೆಗೆ ಬೆರಳು ತೂರಿಸಿದ, ಏನೂ ಸಿಗಲಿಲ್ಲ.

"ಪೈಪ್ ಬಿಚ್ಚಿದ್ರಾಯ್ತು ಬಿಡು" ಎಂದು ಸ್ಟೋರ್ ಕೀಪರ್ ಸ್ಪ್ಯಾನರ್ ತಂದ. ಕೊಳಕು ನೀರು ಇಬ್ಬರ ಷೂ ತುಂಬಿತು, ಟ್ಯೂಬು ಬರಲಿಲ್ಲ. ಟೈಪಿಸ್ಟ್ ಬಂದು "ಬರೀ ಉಪ್ಪುನೀರು ಹಾಕಿ ತೋರಿಸಿ, ಯಾರಿಗ್ ಗೊತ್ತಾಗುತ್ತೆ" ಎಂದಳು.

ಬೇರೆ ದಾರಿ ಕಾಣದೆ, ತಾನು ಎಷ್ಟೋ ಸಲ ಬರಿಗೈಲಿ ಕಳಿಸಿದ್ದ ಪಕ್ಕದ ಲ್ಯಾಬಿನ ಕನ್ನಡಕದಕ್ಕನ ಮುಂದೆ ಹಲ್ಲುಗಿಂಜುತ್ತ ನಿಂತ.

"ಒಂದೇ ಹನಿ ಇದೆ, ತಗೊಳ್ಳಿ. ನಾನು ನಿಮ್ಮಷ್ಟು ಜಿಪುಣಿ ಅಲ್ಲಪ್ಪ" ಎಂದಳು ಆಕೆ. ಕಂಪನಿಯದಾದರೇನು, ಮಾನ ಉಳಿದರೆ ಸಾಕು ಎಂದುಕೊಂಡು ತಂದು, ಮಿದುಳಿನ ತೆಳುಚೂರಿನ ಮೇಲೆ ಬಿಟ್ಟು ಬಣ್ಣ ಹಾಕಿದ.

ಸಂಜೆ ಎಲ್ಲರೂ ಸೇರಿದರು. ಮೇಡಮ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ಅಲ್ಲಾಡಲೇ ಇಲ್ಲ. ತಲೆಯೆತ್ತಿದಾಗ ಕಣ್ಣು ತುಂಬಿತ್ತು.

"ಇದೆಲ್ಲಿತ್ತಪ್ಪ? ಅಂಚಲ್ಲಿ ಮಬ್ಬು ಕಲೆ ಇದೆ. ಇದು ನಿಜವಾಗ್ಲೂ ಮುದ್ದಿದೇ."

"ನಿಜವಾಗ್ಲೂ ಅಂದ್ರೆ?"

"ನಮ್ಮ ಟ್ಯೂಬಲ್ಲಿದ್ದದ್ದು ಯಾವತ್ತೋ ಮುಗಿದಿತ್ತು ಕಣೋ. ಹೇಳಿದ್ರೆ ನೀನು ಊಟ ಬಿಡ್ತೀಯ ಅಂತ ನಾನೇ ಕಂಪನಿದು ತುಂಬಿಸಿಡ್ತಿದ್ದೆ. ಬೀಗದ ಇನ್ನೊಂದು ಕೀ ನನ್ನ ಹತ್ರ ಇತ್ತಲ್ಲ."

ಬಾಗಿಲಲ್ಲಿದ್ದ ಕನ್ನಡಕದಕ್ಕ ಹನಿಯಣ್ಣನ ಕಡೆ ನೋಡಿ ಕೆಮ್ಮಿದಳು. "ನಾನು ಕೆಲಸಕ್ಕೆ ಸೇರಿದ ವರ್ಷ ನೀವೇ ಕೊಟ್ಟಿದ್ದು, ಮರೆತ್ರಾ? ಉಪಯೋಗಿಸೋಕೆ ಮನಸ್ಸು ಬರ್ಲಿಲ್ಲ. ಇನ್ನಿಲ್ಲ, ಅಷ್ಟೇ ಇದ್ದದ್ದು."

ಹನಿಯಣ್ಣ ಸೂಕ್ಷ್ಮದರ್ಶಕದಲ್ಲಿ ಇಣುಕಿದ. ಮಬ್ಬು ಕಲೆ ಹಾಗೇ ಇತ್ತು. ಕಿತ್ತುಹೋದ ಗುಂಡಿಗಳ ಜಾಗದಲ್ಲಿ ಕೈಯಾಡಿಸಿಕೊಂಡ. ಅಳು ಬಂತು.

ಅಷ್ಟರಲ್ಲಿ ಸ್ಟೋರ್ ಕೀಪರ್ ಒದ್ದೆ ಮುದ್ದೆಯಾಗಿ ಓಡಿಬಂದ. "ಸಿಕ್ತು ಕಣಯ್ಯ. ಪೈಪಿನ ತಿರುವಲ್ಲಿ ಸಿಕ್ಕಿಹಾಕ್ಕೊಂಡಿತ್ತು. ತಳದಲ್ಲಿ ಇನ್ನೂ ಒಂದು ಹನಿ ಇದೆ ನೋಡು."

ಹನಿಯಣ್ಣ ಟ್ಯೂಬು ಇಸಕೊಂಡು, ಕೋಟಿನಿಂದ ಒರೆಸಿ, ಫ್ರೀಜರಿನಲ್ಲಿಟ್ಟು ಬೀಗ ಹಾಕಿದ.